ಅಳೆದೂ ಸುರಿದೂ

ಬೆಳಗಿನ ಜಾವ ನಾಲ್ಕೂವರೆಗೆ, ಟೊಲೀಡೊದಲ್ಲಿ,
ಎಲ್ಲರನ್ನೂ ತೂಗುವುದು ನನ್ನ ಕೆಲಸ.
ಆರನೇ ಮಹಡಿ, ಹೃದಯದ ವಾರ್ಡು.
ಮಲಗಿದವರನ್ನು ಎಬ್ಬಿಸದೆ ಹಾಸಿಗೆ ಸಮೇತ ತೂಗಬೇಕು.
ದಿಂಬು, ಎರಡನೇ ಕಂಬಳಿ, ಮೂತ್ರದ ಚೀಲ
ಎತ್ತಿ ಹಿಡಿದು, ಗುಂಡಿ ಒತ್ತಿ,
ಉಸಿರು ಬಿಗಿಹಿಡಿದು (ನನ್ನದು, ಅವರದಲ್ಲ)
ಬಂದ ಅಂಕಿಯನ್ನು ಅಂಗೈ ಮೇಲೆ ಬರೆದುಕೊಳ್ಳಬೇಕು.

ನನ್ನ ಅಂಕಿ ಎರಡು ಪಾಯಿಂಟ್ ಎಂಟು ಒಂದು.
ಯಾವ ಅಂಗೈ ಮೇಲೂ ಬರೆದಿಲ್ಲ, ಆದರೂ
ತೊಳೆದರೆ ಹೋಗುವುದಿಲ್ಲ.

ಪಿಎ ಆಗಬೇಕೆಂದರೆ, ಮೂರರ ಕೆಳಗಿನ ಅರ್ಜಿಯನ್ನು
ಮನುಷ್ಯರು ಓದುವ ಮುನ್ನವೇ ಯಂತ್ರ ಬದಿಗಿಡುತ್ತದಂತೆ.
ಫೇಲಾದದ್ದನ್ನು ಮತ್ತೆ ಓದಿ ಪಾಸಾದರೂ
ಹಳೆಯದನ್ನೂ ಹೊಸದನ್ನೂ ಕೂಡಿಸಿ ಭಾಗಿಸುತ್ತಾರೆ,
ಹಳಸಿದ ಸಾರಿಗೆ ಹೊಸ ಒಗ್ಗರಣೆ ಕೊಟ್ಟ ಹಾಗೆ:
ಘಮ ಬಂದರೂ ಹುಳಿ ಹೋಗದು.

ಎನ್‌ಪಿ ಹಾಗಲ್ಲ, ಅದು ಮೆಟ್ಟಿಲು.
ಮೊದಲು ನರ್ಸಾಗು, ರಾತ್ರಿ ಪಾಳಿ ಮಾಡು,
ಮೊಣಕಾಲು ಸವೆಸು, ಆಮೇಲೆ ಮತ್ತೆ ಓದು.
ಕೊನೆಯ ಅರವತ್ತು ಕ್ರೆಡಿಟ್ ಮಾತ್ರ ನೋಡುವ ಕಾಲೇಜುಗಳಿವೆ,
ಹತ್ತೊಂಬತ್ತರ ಹುಡುಗಿಯನ್ನು ಕ್ಷಮಿಸುವಂಥವು.
ಬೆರಳು ಮಡಚಿದರೆ ಏಳು ವರ್ಷ. ಆಗ ನನಗೆ ಮೂವತ್ತಾರು.
"ಓದದಿದ್ದರೂ ಮೂವತ್ತಾರೇ" ಅನ್ನುತ್ತಾಳೆ ಡೊಲೊರೆಸ್.
ಅದನ್ನವಳು ಎಲ್ಲರಿಗೂ ಅನ್ನುತ್ತಾಳೆ.

ಅರ್ಜಿಯಲ್ಲೊಂದು ಚೌಕ:
ಕಡಿಮೆ ಅಂಕಗಳಿಗೆ ಕಾರಣವಿದ್ದರೆ ವಿವರಿಸಿ.
ಏನೆಂದು ವಿವರಿಸಲಿ?
ಆ ವರ್ಷ ಯಾರೂ ಸಾಯಲಿಲ್ಲ.
ಅಪ್ಪನ ಕೆಲಸ ಹೋಗಲಿಲ್ಲ, ಅಮ್ಮ ಆಸ್ಪತ್ರೆ ಸೇರಲಿಲ್ಲ.
ಆರ್ಗ್ಯಾನಿಕ್ ಕೆಮಿಸ್ಟ್ರಿ ಬೆಳಗ್ಗೆ ಎಂಟಕ್ಕಿತ್ತು,
ನಾನು ಮಲಗಿದ್ದೆ.
ಎದ್ದಾಗ ಹಿಮ ಬೀಳುತ್ತಿತ್ತು. ಮತ್ತೆ ಮಲಗಿದೆ.
ಇಷ್ಟೇ.
ಈ ನಿದ್ದೆಗೆ ಐನೂರು ಪದ
ಎಲ್ಲಿಂದ ತರಲಿ?

ಡೇಟನ್ನಿನಿಂದ ಅಮ್ಮ ಫೋನಿನಲ್ಲಿ:
"ಸೂಜಿ ಚುಚ್ಚುವುದು ಯಾವುದರಲ್ಲಿ?"
ಎರಡರಲ್ಲೂ ಅಮ್ಮ.
"ಡಾಕ್ಟ್ರೇ ಅಂತ ಕರೆಯುವುದು?"
ಎರಡರಲ್ಲೂ ಇಲ್ಲ.
"ಹಾಗಾದರೆ ಯಾವುದರಲ್ಲಿ ಹೊತ್ತಿಗೆ ಸರಿಯಾಗಿ
ಊಟಕ್ಕೆ ಬಿಡುತ್ತಾರೋ, ಅದು ಓದು."

ಇವತ್ತು ಹನ್ನೆರಡನೇ ಕೋಣೆಯ ನೊವಾಕ್ ಅಜ್ಜ,
ನಲವತ್ತು ವರ್ಷ ಸಿಟಿ ಬಸ್ಸು ಓಡಿಸಿದವನು,
ನಿನ್ನೆಗಿಂತ ನಾಲ್ಕು ಪೌಂಡ್ ಜಾಸ್ತಿ.
ಎರಡು ಸಲ ತೂಗಿದೆ. ಕಂಬಳಿ ತೆಗೆದು ಇನ್ನೊಂದು ಸಲ.
ಕಣಕಾಲನ್ನು ಬೆರಳಲ್ಲಿ ಒತ್ತಿದರೆ
ಹೋಳಿಗೆಗೆ ನೆನೆಸಿದ ಕಣಕದಲ್ಲಿ ಮೂಡಿದಂಥ ಗುಳಿ,
ಹತ್ತು ಎಣಿಸಿದರೂ ತುಂಬಲಿಲ್ಲ.
ಅಂಕಿ ಸುಳ್ಳಲ್ಲ ಅನ್ನುವುದೇ ನನ್ನ ತೊಂದರೆ.
ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು.

ಟೆರೆನ್ಸ್ ಬಂದ, ಒಡೆಸ್ಸಾ ಬಂದಳು.
ಒಬ್ಬರು ಪಿಎ, ಒಬ್ಬರು ಎನ್‌ಪಿ;
ಬ್ಯಾಡ್ಜು ತಿರುಗಿಕೊಂಡಿದ್ದರೆ ಯಾರು ಯಾವುದೋ ತಿಳಿಯದು.
ಇಬ್ಬರೂ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟರು,
ಇಬ್ಬರ ಬಾಯಲ್ಲೂ ಒಂದೇ ಔಷಧಿ.
ಡ್ರಾಯರಿನಲ್ಲಿ, ಕಾಲುಚೀಲದೊಳಗೆ,
ಮಿಡಿಸೌತೆ ಉಪ್ಪಿನಕಾಯಿಯ ಬಾಟಲಿ ಕಂಡದ್ದು ನನಗೆ.
ತಳದಲ್ಲಿ ಒಂದು ಸಬ್ಬಸಿಗೆ ಕಡ್ಡಿ;
ಉಪ್ಪುನೀರನ್ನೂ ಬಿಟ್ಟಿರಲಿಲ್ಲ ಅಜ್ಜ.
"ಮ್ಯಾಂಡಿ, ನೀನೇನು ಓದುತ್ತಿದ್ದೀಯಾ?" ಅಂದ ಟೆರೆನ್ಸ್.
ನನ್ನ ಬ್ಯಾಡ್ಜಿನಲ್ಲಿ ಮಂದಾಕಿನಿ ಹಿಡಿಸಿರಲಿಲ್ಲ.

ಪಾಳಿ ಮುಗಿದ ಮೇಲೆ ಯಾರೂ ಇಲ್ಲದಾಗ
ನಿಂತು ತೂಗುವ ತಕ್ಕಡಿ ಹತ್ತಿದೆ,
ಶೂ ಸಮೇತ; ಜೇಬಲ್ಲಿ ಕತ್ತರಿ, ಟೇಪು,
ಅರ್ಧ ತಿಂದ ಚಿಕ್ಕಿ.
ಎಷ್ಟು ಕಳೆಯಬೇಕೋ ತಿಳಿಯದೆ ಇಳಿದೆ.

ಮೌಮಿ ನದಿ ದಾಟಿದರೆ ಕಮ್ಯುನಿಟಿ ಕಾಲೇಜು.
ಮೈಕ್ರೋಬಯಾಲಜಿ, ಮಂಗಳವಾರ ಸಂಜೆ;
ಎರಡು ದಾರಿಯವರೂ ಕೇಳುವ ಸುಂಕ ಅದು.
"ಯಾವ ಕೋರ್ಸಿಗೆ ಸೇರುವುದಕ್ಕೆ?" ಕೌಂಟರಿನವಳು ಕೇಳಿದಳು.
ಅದೊಂದು ಖಾಲಿ ಬಿಡಿ, ಅಂದೆ.
"ಬೆಳಗಿನ ಬ್ಯಾಚಿನಲ್ಲೂ ಜಾಗವಿದೆ. ಎಂಟು ಗಂಟೆಗೆ."
ಬೇಡ.
ಸಂಜೆಯದೇ ಇರಲಿ.